ನೀರು ಕಾಯಬೇಕು

ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಬೀದಿಗೆಲ್ಲ ಅವನು ಪಾದರಸ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೊಮ್ಮೆ ಎದ್ದು ಬಾಗಿಲಾಚೆ ಇಣುಕಬೇಕು. ಒಮ್ಮೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಆಗಿರುವಾಗಲೇ ಕುರ್ಚಿ ಬಿಟ್ಟೆದ್ದ. ಇನ್ನರ್ಧ ಮುಖಕ್ಕೆ ನೊರೆ ಮೆತ್ತಿಕೊಂಡೇ ರಸ್ತೆ ದಾಟಿ, ಯಾರೋ ಅಡ್ಡಡ್ಡ ಹೊತ್ತುಕೊಂಡು ಹೋಗುತ್ತಿದ್ದ ಕನ್ನಡಿಯನ್ನು ನೆಟ್ಟಗೆ ಹಿಡಿಯುವುದು ಹೇಗೆಂದು ಹೇಳಿಕೊಟ್ಟು ಬಂದ. ಅಷ್ಟು ಹೊತ್ತೂ ಕ್ಷೌರದವನು ಕತ್ತಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದನಂತೆ, ಪಾಪ.

ಇಂಥ ಮನುಷ್ಯನ ಕಸುಬು ಯಾವುದು ಅಂದುಕೊಂಡಿರಿ? ಗಾಜಿನದು! ಕಿಟಕಿಗೆ, ಬೀರುವಿಗೆ, ಫೋಟೋ ಚೌಕಟ್ಟಿಗೆ ಗಾಜು ಕತ್ತರಿಸಿ ಕೂರಿಸುವ ಕೆಲಸ. ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟಾದ ಅಂಗಡಿ. ಗೋಡೆಗುಂಟ ಮರದ ಚೌಕಟ್ಟಿನಲ್ಲಿ ಸಾಲಾಗಿ ನಿಂತ ಗಾಜುಗಳು, ನಡುವೆ ಹಳೇ ಕಂಬಳಿ ಹಾಸಿದ ಮೇಜು. ಚಡಪಡಿಕೆಯೆಲ್ಲ ಅವನ ಕಾಲಿನದು, ಕೈಯದಲ್ಲ. ಕಟರಿನ ಪುಟ್ಟ ಚಕ್ರವನ್ನು ಎಣ್ಣೆಗೆ ಅದ್ದಿ ಒಂದೇ ಎಳೆತಕ್ಕೆ ಗೀರಿ, ಅಡಿಯಿಂದ ಮೆಲ್ಲಗೆ ತಟ್ಟಿದರೆ ಗಾಜು ಹೇಳಿದ ಮಾತು ಕೇಳಿದ ಹಾಗೆ ಗೀರಿನುದ್ದಕ್ಕೂ ಬಿಡುತ್ತಿತ್ತು. ತಕರಾರು ಬರುತ್ತಿದ್ದದ್ದು ಆಮೇಲೆ, ಗಾಜನ್ನು ಚೌಕಟ್ಟಿಗೆ ಹಿಡಿಸುವ ಪುಟ್ಟಿ ಹಚ್ಚಿದ ಮೇಲೆ. ಒಣಗಿತೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡದಿದ್ದರೆ ಅವನಿಗೆ ಜೀವ ತಡೆಯುತ್ತಿರಲಿಲ್ಲ. ಹಾಗಾಗಿ ಸುತ್ತಲಿನ ಬೀದಿಗಳ ಕಿಟಕಿಗಳಿಗೆಲ್ಲ ಒಂದೊಂದು ಮೂಲೆಯಲ್ಲಿ ಅವನ ಹೆಬ್ಬೆಟ್ಟು ಬಿದ್ದಿದೆ.

ಅವನನ್ನು ಗದರಿಸಿ ಕೂರಿಸುವ ತಾಕತ್ತು ಇದ್ದದ್ದು ಒಬ್ಬಳಿಗೆ, ಅವನ ಅಕ್ಕನಿಗೆ. ಎಂಟು ವರ್ಷಕ್ಕೆ ದೊಡ್ಡವಳು. ಪಕ್ಕದ ಬೀದಿಯಲ್ಲಿ ನಾಲ್ಕು ಹಾಸಿಗೆಯ ಹೆರಿಗೆ ಆಸ್ಪತ್ರೆ ಇದೆಯಲ್ಲ, ಅಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸು. ಡಾಕ್ಟರಮ್ಮ ವಾರಕ್ಕೆ ಮೂರು ದಿನ ಬಂದು ಹೋಗುತ್ತಿದ್ದರು. ಮಿಕ್ಕ ದಿನ ಅಕ್ಕ ಹೇಳಿದ್ದೇ ಅಲ್ಲಿ ಕಾನೂನು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯ ಮುಂದಿನ ಕೋಣೆಯಲ್ಲೇ ಇದ್ದಳು.

ಒಂದು ದಿನ ಅಕ್ಕ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಗೆ ಕುಸಿದು, ಚೀಲದಿಂದ ಒಂದು ಕಾಗದ ತೆಗೆದು ಅವನ ಮುಂದೆ ಎಸೆದಳು.

"ಓದು."

ಮೇಲಿನವರಿಂದ ಬಂದ ಕಾಗದ. ಕತ್ತರಿ, ಚಿಮುಟ, ಬಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಸ್ಟೆರಿಲೈಸರ್ ಎರಡು ಸಲ ಕೆಟ್ಟು, ಈಗ ಹೊಸದು ಬಂದಿತ್ತು. ಈ ಹೊಸದು ಬಲು ನಾಜೂಕಿನದು. ಬೋರಿನ ಗಡಸು ನೀರು ಹಾಕಿದರೆ ಕೆಂಪು ದೀಪ ಹಚ್ಚಿಕೊಂಡು ನಿಂತೇಬಿಡುತ್ತದೆ. ಅದಕ್ಕೆ ಬಟ್ಟಿ ಇಳಿಸಿದ ನೀರೇ ಆಗಬೇಕು. ಆ ನೀರು ತರುವ ವಾಹನ ಹದಿನೈದು ದಿನಕ್ಕೊಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೂರು ತಿಂಗಳೊಳಗೆ ನೀರಿಗೆ ಖಾಯಂ ವ್ಯವಸ್ಥೆ ಆಗದಿದ್ದರೆ ಆಸ್ಪತ್ರೆಯನ್ನು ಮುಚ್ಚತಕ್ಕದ್ದು ಎಂದು ಕಾಗದ ಹೇಳುತ್ತಿತ್ತು.

"ಮುಚ್ಚಿದ್ರೆ ಹೆರೋರು ಎಲ್ಲಿಗೆ ಹೋಗ್ಬೇಕು?"

"ಇನ್ನೆಲ್ಲಿಗೆ? ದೊಡ್ಡಾಸ್ಪತ್ರೆಗೆ. ಎರಡು ಗಂಟೆ ದಾರಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಲ್ಲಿದ್ದದ್ದು ಅವನ ಹೆಂಡತಿ. ಆ ದಾರಿ ಈ ಮನೆಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ, ಇದೇ ರೀತಿ ಇಲ್ಲಿನ ಸ್ಟೆರಿಲೈಸರ್ ಕೆಟ್ಟು ಕೂತಿದ್ದಾಗ, ನೋವು ತಿನ್ನುತ್ತಿದ್ದ ಅವಳನ್ನು ಬಾಡಿಗೆ ಗಾಡಿಯಲ್ಲಿ ಹಾಕಿಕೊಂಡು ಅದೇ ದಾರಿಯಲ್ಲಿ ಹೋಗಿದ್ದರು. ಗಂಡು ಮಗು. ಉಳಿಯಲಿಲ್ಲ. ಆಮೇಲೆ ಮಕ್ಕಳಾಗಲಿಲ್ಲ, ಆ ದಿನದ ಮಾತನ್ನು ಗಂಡ ಹೆಂಡಿರಿಬ್ಬರೂ ಎತ್ತಲೂ ಇಲ್ಲ.

"ಇನ್ನೊಬ್ಬಳನ್ನ ಆ ದಾರೀಲಿ ಕಳಿಸಲ್ಲ ಕಣೋ ನಾನು," ಎಂದಳು ಅಕ್ಕ.

ಪಾದರಸ ಆಗಲೇ ಎದ್ದು ನಿಂತಿದ್ದ. "ನೀರು ತಾನೇ? ನಾನು ಮಾಡ್ಕೊಡ್ತೀನಿ ಬಿಡು."

"ನೀನು? ಒಂದು ಕಿಟಕಿ ಒಣಗೋವರೆಗೆ ಸುಮ್ಮನಿರಕ್ಕಾಗಲ್ಲ ನಿನಗೆ!"

ಆದರೂ ಮಾಡಿದ. ಯಂತ್ರಕ್ಕೆ ದಿನಕ್ಕೆ ಆರು ಲೀಟರ್ ಬೇಕಿತ್ತು. ಮನೆಯ ತಾರಸಿಯಲ್ಲಿ ಎರಡು ಪೆಟ್ಟಿಗೆಗೆ ಜಾಗವಿತ್ತು. ಪೆಟ್ಟಿಗೆಯೊಳಗೆ ಕಪ್ಪು ಬಳಿದ ತಗಡಿನ ತಟ್ಟೆ, ತಟ್ಟೆಯಲ್ಲಿ ನಾಲ್ಕು ಬೆರಳು ಬೋರಿನ ನೀರು, ಮೇಲೆ ಓರೆಯಾಗಿ ಕೂರಿಸಿದ ಗಾಜಿನ ಮುಚ್ಚಳ. ಬಿಸಿಲಿಗೆ ನೀರು ಆವಿಯಾಗುತ್ತದೆ, ಗಾಜಿನ ಒಳಮೈಗೆ ಹನಿಯಾಗಿ ಕಟ್ಟುತ್ತದೆ, ಜಾರಿ ಕೆಳತುದಿಯ ತಗಡಿನ ದೋಣಿಗೆ ಬಿದ್ದು, ಕೊಳವೆಯಿಂದ ಬಾಟಲಿಗೆ ಇಳಿಯುತ್ತದೆ. ಉಪ್ಪು, ಸುಣ್ಣ, ಕೆಸರು ಎಲ್ಲ ತಟ್ಟೆಯಲ್ಲೇ. ಪಾದರಸ ತಾರಸಿಯಲ್ಲಿ ಬಟ್ಟಿ ಇಳಿಸುತ್ತಿದ್ದಾನಂತೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿತು. ಕ್ಷೌರದವನು ಸಂಜೆ ಒಂದು ಲೋಟ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ. ಒಂದು ಗುಟುಕು ಕುಡಿದು, "ಥೂ, ಬರೀ ನೀರು!" ಎಂದು ಮುಖ ಕಿವುಚಿಕೊಂಡು ಇಳಿದು ಹೋದ.

ಮೊದಲ ದಿನ ಎರಡೂ ಪೆಟ್ಟಿಗೆ ಸೇರಿ ಮೂರೂವರೆ ಲೀಟರ್. ಬಿಸಿಲು ಇಳಿದದ್ದೇ ತಡ, ಹನಿ ನಿಂತುಹೋಯಿತು. ಮಧ್ಯಾಹ್ನ ಮುಟ್ಟಲಾಗದಷ್ಟು ಕಾದಿದ್ದ ಪೆಟ್ಟಿಗೆ ಸೂರ್ಯ ಮುಳುಗಿ ಅರ್ಧ ಗಂಟೆಗೆ ತಣ್ಣಗೆ ಬಿದ್ದಿತ್ತು. ಅಷ್ಟೊಂದು ಬಿಸಿ ಗಾಳಿಗೆ ಹೋಯಿತಲ್ಲ ಎಂದು ಅವನ ಹೊಟ್ಟೆ ಉರಿಯಿತು. ಅದನ್ನು ಹಿಡಿದಿಡಬೇಕು. ಅದೂ ಪುಕ್ಕಟೆ ಸಿಗುವ ಸಾಮಾನಿನಲ್ಲಿ.

ಶುರುವಾಯಿತು ನೋಡಿ ಕುಣಿತ! ಒಂದು ದಿನ ತಟ್ಟೆಗೆ ಇಟ್ಟಿಗೆ ಚೂರು ಸುರಿದ. ಮರುದಿನ ಅದನ್ನು ತೆಗೆದು ಮರಳು. ಅದರ ಮರುದಿನ ಬೆಸುಗೆಯಂಗಡಿಯ ಕಬ್ಬಿಣದ ಚೂರು. ನೀರೆಲ್ಲ ತುಕ್ಕು ಹಿಡಿದು ಕೆಂಪಾಯಿತು. ಆಮೇಲೆ ಕಪ್ಪು ಬಳಿದ ಬೆಣಚುಕಲ್ಲು. ಕಲ್ಲಿನಲ್ಲಿ ನಾಲ್ಕು ಲೀಟರಿಗೆ ಬಂತು, ಅದರಾಚೆ ಹೋಗಲೊಲ್ಲದು. ಯಾವುದಕ್ಕೂ ಎರಡನೇ ದಿನ ಕೊಡುವ ತಾಳ್ಮೆ ಅವನಿಗಿಲ್ಲ. ಅಂಗಡಿಗೆ ಬಂದ ಗಿರಾಕಿ ಬಾಗಿಲು ಮುಚ್ಚಿದ್ದು ನೋಡಿ ಬೈದುಕೊಂಡು ಹೋಗುತ್ತಿದ್ದ, ಇವನು ಬೀದಿ ಬೀದಿ ಸುತ್ತಿ ಏನಾದರೊಂದು ಹೊತ್ತು ತರುತ್ತಿದ್ದ.

ದಾರಿ ತೋರಿಸಿದ್ದು ಹೆಂಡತಿ. ಅವಳು ಮನೆಯ ಹಿಂದಿನ ಚಾವಡಿಯಲ್ಲಿ ಮೇಣದಬತ್ತಿ ಎರಕ ಹೊಯ್ದು ಅಂಗಡಿಗಳಿಗೆ ಕೊಡುತ್ತಿದ್ದಳು. ಹೆಚ್ಚು ಮಾತಿನವಳಲ್ಲ. ಅಂದು ಅವನು ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತದ್ದು, ಅಲ್ಲ, ಕೂತು ಎದ್ದು ಕೂತು ಎದ್ದು ಮಾಡುತ್ತಿದ್ದದ್ದು ನೋಡಲಾರದೆ, ಸುಟ್ಟ ಗುರುತಿದ್ದ ಬೆರಳುಗಳನ್ನು ಅವನ ಮುಖದೆದುರು ಹಿಡಿದಳು.

"ಇದು ಹೇಗಾಯ್ತು ಗೊತ್ತಾ ನಿಮಗೆ?"

"ಮೇಣ ತಾಗಿ."

"ಕುದಿಯೋ ಮೇಣ ಅಲ್ಲ ರೀ. ಆರಿತು ಅಂದ್ಕೊಂಡಿದ್ದ ಮೇಣ. ಅಚ್ಚಿಗೆ ಹೊಯ್ದು ಎಷ್ಟೋ ಹೊತ್ತಾಗಿರುತ್ತೆ, ಅಂಚು ಗಟ್ಟಿ ಆಗಿರುತ್ತೆ, ಒಳಗೆ ಮಾತ್ರ ಬಿಸಿ ಹಾಗೇ ಇರುತ್ತೆ. ಪೂರ್ತಿ ಗಟ್ಟಿ ಆಗೋವರೆಗೂ ಇಳಿಯಲ್ಲ ಅದು. ಕರಗೋವಾಗ ಎಷ್ಟು ಬೆಂಕಿ ನುಂಗುತ್ತೋ, ಗಟ್ಟಿ ಆಗೋವಾಗ ಅಷ್ಟನ್ನೂ ನಿಧಾನಕ್ಕೆ ಬಿಡುತ್ತೆ. ಕಲ್ಲು ಮಣ್ಣು ಹೊತ್ಕೊಂಡು ಊರೆಲ್ಲ ಸುತ್ತಿದ್ರಲ್ಲ, ಹಿತ್ತಿಲ ಕಡೆ ಒಂದ್ಸಲ ತಿರುಗಿ ನೋಡ್ಬಾರದಿತ್ತಾ?"

ಮರುಗಳಿಗೆಗೆ ಅವನು ಚಪ್ಪಲಿ ಮೆಟ್ಟಿ ಓಡಿದ್ದ. ಚಮ್ಮಾರನ ಹತ್ತಿರ ಬೂಟ್ ಪಾಲಿಶಿನ ಖಾಲಿ ಡಬ್ಬಿ ರಾಶಿ ಇತ್ತು, ಚಪ್ಪಟೆಯವು. ಅರವತ್ತು ಡಬ್ಬಿ ತಂದು, ತೊಳೆದು, ಹೆಂಡತಿಯ ಹತ್ತಿರ ಉಳಿದ ತುಂಡು ಮೇಣವನ್ನು ಕರಗಿಸಿ ತುಂಬಿ, ಗಾಜಿಗೆ ಹಚ್ಚುವ ಸಿಲಿಕೋನ್ ಅಂಟಿನಿಂದ ಬಾಯಿ ಬಿಗಿದು, ತಟ್ಟೆಯಲ್ಲಿ ನೀರಿನಡಿ ಜೋಡಿಸಿದ. ಆ ದಿನ ಸೂರ್ಯ ಮುಳುಗಿದ ಮೇಲೂ ಎರಡು ಗಂಟೆ ಹೊತ್ತು ಹನಿ ಬಿತ್ತು. ಐದು ಲೀಟರ್! ಪಾದರಸ ತಾರಸಿಯಲ್ಲಿ ಕುಣಿದಾಡಿದ. ಕೆಳಗಿನಿಂದ ಅಕ್ಕ, "ಸೂರು ಬಿದ್ದೀತು, ನಿಲ್ಲಿಸೋ!" ಎಂದು ಕೂಗಿದಳು.

ಆದರೆ ಐದು ಆರಲ್ಲ. ಅಲ್ಲೇ ಸಿಕ್ಕಿಕೊಂಡಿತು. ಒಂದು ದಿನ ಐದು, ಒಂದು ದಿನ ನಾಲ್ಕೂಮುಕ್ಕಾಲು, ಯಾವತ್ತೋ ಒಮ್ಮೆ ಆರು ದಾಟಿ ಆಸೆ ಹುಟ್ಟಿಸಿ ಮತ್ತೆ ಇಳಿಯುತ್ತಿತ್ತು. ಯಾಕೆಂದು ತಿಳಿಯದು. ಎರಡು ತಿಂಗಳು ಕಳೆದಿತ್ತು. ಅವನ ನಿದ್ದೆ ಹಾರಿತು, ಅನ್ನ ಸೇರದಾಯಿತು.

ಅಕ್ಕ ಒಬ್ಬಳು ಲೆಕ್ಕ ಇಟ್ಟಿದ್ದಳು. ಆಸ್ಪತ್ರೆಯಲ್ಲಿ ಜ್ವರ ಬರೆಯುವ ಚೌಕಳಿ ಹಾಳೆ ಇರುತ್ತದಲ್ಲ, ಅಂಥದೊಂದನ್ನು ತಾರಸಿ ಬಾಗಿಲ ಮೊಳೆಗೆ ತಗುಲಿಸಿ, ದಿನಾ ಸಂಜೆ ಬಾಟಲಿ ಅಳೆದು ಚುಕ್ಕಿ ಇಡುತ್ತಿದ್ದಳು. ಅದರಲ್ಲಿ ಏನೋ ಅವಳ ಕಣ್ಣಿಗೆ ಬಿತ್ತು. ಬೆಳಗಿನ ಪಾಳಿಗೆ ಹೊರಟವಳು, ತಮ್ಮನನ್ನು ಎಬ್ಬಿಸಲು ಮನಸ್ಸಾಗದೆ, ಒಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿದಳು. ಮೇಲಿಂದ ಮೇಲೆ ಪಾಳಿ ಇದ್ದದ್ದರಿಂದ ನಾಲ್ಕು ದಿನ ಅವಳು ಮನೆ ಕಡೆ ಬರಲೇ ಇಲ್ಲ.

ಚೀಟಿಯಲ್ಲಿ ಇದ್ದದ್ದು ಎರಡೇ ಪದ: "ನೀರು ಕಾಯಬೇಕು."

ಪಾದರಸ ಎದ್ದು ಓದಿದ. ಸರಿ, ಅಕ್ಕ ಹೇಳಿದ ಮೇಲೆ ಆಯಿತು. ಅಂಗಡಿಗೆ ಬೀಗ ಹಾಕಿದ. ಒಂದು ಸ್ಟೂಲು, ಛತ್ರಿ, ಒಂದು ಕೋಲು ತಗೊಂಡು ತಾರಸಿ ಹತ್ತಿದ. ನಾಲ್ಕು ದಿನ, ಸ್ವಾಮಿ, ಬೆಳಗಿನಿಂದ ಸಂಜೆವರೆಗೆ ನೀರನ್ನು ಕಾವಲು ಕಾದ! ಕಾಗೆ ಓಡಿಸಿದ, ಬೆಕ್ಕು ಓಡಿಸಿದ, ಗಾಜಿನ ಮೇಲಿನ ಧೂಳು ಒರೆಸಿದ, ಸಂಜೆ ಅಕ್ಕನ ಬದಲು ತಾನೇ ಬಾಟಲಿ ಅಳೆದು ಹಾಳೆಯಲ್ಲಿ ಚುಕ್ಕಿ ಇಟ್ಟ. ಒಳಗೆ ಏನಾದರೂ ಬಿತ್ತೋ, ಡಬ್ಬಿ ಸೋರಿತೋ ಎಂದು ಅರ್ಧ ಗಂಟೆಗೊಮ್ಮೆ ಮುಚ್ಚಳ ಎತ್ತಿ ಬಗ್ಗಿ ನೋಡಿದ.

ನಾಲ್ಕನೆಯ ಸಂಜೆ ಬಂದ ಅಕ್ಕ ಹಾಳೆ ನೋಡಿ ಹಣೆ ಚಚ್ಚಿಕೊಂಡಳು. ನಾಲ್ಕು, ಮೂರೂವರೆ, ಮೂರು, ಮೂರು.

"ಏನೋ ಮಾಡಿದೆ?"

"ನೀನು ಹೇಳಿದ್ದೇ ಮಾಡಿದೆ! ನೀರು ಕಾಯ್ತಾ ಕೂತಿದ್ದೆ. ಒಂದು ಸೊಳ್ಳೆನೂ ಹತ್ರ ಬಿಟ್ಟಿಲ್ಲ."

ಅಕ್ಕ ಒಂದು ಗಳಿಗೆ ಅವನನ್ನೂ ಕೋಲನ್ನೂ ಛತ್ರಿಯನ್ನೂ ನೋಡಿದಳು. ಆಮೇಲೆ ಅವಳಿಗೆ ನಗು ಬಂತೋ ಅಳು ಬಂತೋ ಹೇಳಲಾಗದು.

"ಅಯ್ಯೋ ನಿನ್ನ! ನೀರು ಕಾಯ್ಬೇಕು ಅಂದ್ರೆ ನೀರು ಬಿಸಿ ಆಗ್ಬೇಕು ಅಂತ ಕಣೋ! ಅದರ ಪಾಡಿಗೆ ಅದನ್ನ ಬಿಡು ಅಂತ! ಕೋಲು ಹಿಡ್ಕೊಂಡು ಕಾವಲು ಕಾಯಿ ಅಂತಲ್ಲ!"

"ಹಾಗಾದ್ರೆ ಹಾಗೇ ಬರೀಬೇಕಿತ್ತು!"

"ಬರ್ದಿದ್ದೇ ಹಾಗೆ!" ಅವಳು ಹಾಳೆ ಕಿತ್ತು ಅವನ ಮೂಗಿನ ಹತ್ತಿರ ಹಿಡಿದಳು. "ಇಲ್ಲಿ ನೋಡು. ಆರು ದಾಟಿದ್ದು ಯಾವ ದಿನ? ನೀನು ಶಾಲೆಗೆ ಗಾಜು ಹಾಕಕ್ಕೆ ಹೋಗಿದ್ದ ದಿನ. ಇದು? ನಿನ್ನ ಹಲ್ಲು ಕೀಳಿಸಿದ ದಿನ, ಮಂಚ ಬಿಟ್ಟು ಎದ್ದಿರಲಿಲ್ಲ. ನೀನು ಮನೇಲಿದ್ದ ದಿನವೆಲ್ಲ ಕಮ್ಮಿ. ಒಂದ್ಸಲ ಮುಚ್ಚಳ ಎತ್ತಿದ್ರೆ ಒಳಗಿನ ಹಬೆಯೆಲ್ಲ ಹೋಯ್ತು. ಮತ್ತೆ ಅಷ್ಟು ಕಾಯಕ್ಕೆ ಎಷ್ಟು ಹೊತ್ತು ಬೇಕು? ಪೆಟ್ಟಿಗೇಲಿ ಏನೂ ದೋಷ ಇಲ್ಲ. ರೋಗ ನೀನೇ ಕಣೋ!"

ತಾನು ಹಗಲಿರುಳು ಒದ್ದಾಡಿದ್ದೇ ಅಡ್ಡಗಾಲಾಗಿತ್ತು ಎಂಬುದು ಅವನಿಗೆ ಚುಚ್ಚಿತು. ಅವಮಾನವೂ ಆಯಿತು. ಮರುದಿನ ಬೆಳಿಗ್ಗೆ ತಟ್ಟೆಗೆ ನೀರು ತುಂಬಿ, ಮುಚ್ಚಳದ ಸುತ್ತ ರಬ್ಬರು ಪಟ್ಟಿ ಬಿಗಿದು, ಅಂಗಡಿಗೆ ಹೋಗಿ ಸಂಜೆವರೆಗೆ ತಾರಸಿ ಕಡೆ ತಲೆ ಎತ್ತಲಿಲ್ಲ. ಎತ್ತದಿರಲು ಪಟ್ಟ ಪಾಡು ಅವನಿಗೇ ಗೊತ್ತು. ಏಳು ಸಲ ಹೊರಟು ಏಳು ಸಲ ತಿರುಗಿ ಬಂದಿದ್ದ. ಸಂಜೆ ಬಾಟಲಿಯಲ್ಲಿ ಆರು ಲೀಟರ್ ಮೇಲೊಂದು ಲೋಟ.

ಹೀಗೆ ಮೂರು ವಾರ ಹೊರಗಿನ ನೀರಿಲ್ಲದೆ ಆಸ್ಪತ್ರೆ ನಡೆಯಿತು. ಮೂರು ತಿಂಗಳ ಗಡುವಿಗೆ ಇನ್ನೊಂದೇ ವಾರ. ಅಷ್ಟೂ ದಿನ ಒಬ್ಬರನ್ನೂ ದೊಡ್ಡಾಸ್ಪತ್ರೆಗೆ ಕಳಿಸದೆ ನಡೆಸಿ ತೋರಿಸಿದರೆ ಮುಚ್ಚುವ ಮಾತಿಲ್ಲ ಎಂದು ಮೇಲಿನವರು ಒಪ್ಪಿಕೊಂಡಿದ್ದರು.

ಅಷ್ಟರಲ್ಲಿ ಆ ದಿನ ಬಂತು. ಬೆಳಗಿನಿಂದ ಒಂದರ ಹಿಂದೆ ಒಂದು ಎರಡು ಹೆರಿಗೆ. ಯಂತ್ರ ಎರಡು ಸಲ ಓಡಿ ಕೂಡಿಟ್ಟ ನೀರಿನ ಕ್ಯಾನೆಲ್ಲ ಖಾಲಿ. ಸಂಜೆ ಐದೂವರೆಗೆ ಅಕ್ಕನ ಫೋನು.

"ಲೋ, ಇನ್ನೊಬ್ಬಳು ಬಂದಿದಾಳೆ. ಚೊಚ್ಚಲು. ಶುದ್ಧ ಮಾಡಿದ ಸಾಮಾನು ಒಂದೂ ಉಳಿದಿಲ್ಲ. ಯಂತ್ರ ಓಡಕ್ಕೆ ನಾಲ್ಕು ಲೀಟರ್ ಬೇಕೇಬೇಕು. ಎಷ್ಟಿದೆ?"

ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ಮಧ್ಯಾಹ್ನ ಮೋಡ ಮುಸುಕಿತ್ತು, ಎರಡೂ ಬಾಟಲಿ ಸೇರಿ ಮೂರೂಕಾಲು. ಸೂರ್ಯ ಎದುರು ಮನೆಯ ಗೋಡೆಯಾಚೆ ಇಳಿದಿದ್ದ.

"ಮುಕ್ಕಾಲು ಲೀಟರ್ ಕಮ್ಮಿ ಅಕ್ಕ."

"ಎಂಟು ಗಂಟೆಯೊಳಗೆ ಕೊಟ್ರೆ ಇಲ್ಲೇ ಮಾಡಿಸ್ತೀನಿ. ಆಗಲ್ಲ ಅನ್ನೋದಾದ್ರೆ ಈಗ್ಲೇ ಗಾಡಿ ಹತ್ತಿಸ್ಬೇಕು, ತಡ ಆದ್ರೆ ದಾರೀಲೇ ಕಷ್ಟ. ಸರಿಯಾಗಿ ಹೇಳು. ಆಗುತ್ತಾ ಇಲ್ವಾ?"

ಹೌದೆಂದು ಹೇಳಿ ಆಗದೇ ಹೋದರೆ? ಹಿಂದೆಯೇ ಹತ್ತಿ ಬಂದ ಹೆಂಡತಿ ಪೆಟ್ಟಿಗೆಯ ಮಗ್ಗುಲಿಗೆ ಅಂಗೈ ಒತ್ತಿ ಹಿಡಿದಳು. ಕೆಳಗೊಮ್ಮೆ, ಮೇಲೊಮ್ಮೆ, ಆಚೆ ಪೆಟ್ಟಿಗೆಗೊಮ್ಮೆ.

"ಮೇಣ ಇನ್ನೂ ಗಟ್ಟಿ ಆಗಿಲ್ಲ. ಆಗುತ್ತೆ ಅನ್ನಿ."

"ಆಗುತ್ತೆ ಅಕ್ಕ," ಎಂದ.

ಫೋನಿಟ್ಟ ಮೇಲೆ ಮಾಡಲು ಏನೂ ಇರಲಿಲ್ಲ. ಅದೇ ಅವನಿಗೆ ದೊಡ್ಡ ಕಷ್ಟ. ಎರಡೂ ಬಾಟಲಿಯ ನೀರು ಎರಡೆರಡು ಲೀಟರಿನ ಗೆರೆ ಮುಟ್ಟಿದ ಕ್ಷಣ ಕೊಂಡೊಯ್ಯಬೇಕು, ಅಲ್ಲಿಯವರೆಗೆ ಕೈ ಕಟ್ಟಿ ಇರಬೇಕು. ತಾರಸಿಯ ಆ ಗೋಡೆಯಿಂದ ಈ ಗೋಡೆಗೆ ನಡೆದ. ಟಪ್. ಟಪ್. ಒಂದು ಹನಿಗೂ ಇನ್ನೊಂದಕ್ಕೂ ನಡುವೆ ಅವನಿಗೆ ಒಂದು ವರ್ಷ. ಒಳಗೇನಾಗಿದೆಯೋ, ಒಂದೇ ಒಂದು ಸಲ ಮುಚ್ಚಳ ಎತ್ತಲೇ? ಗಾಜಿನ ಮೇಲೆ ಒಂದು ಚೊಂಬು ತಣ್ಣೀರು ಸುರಿದರೆ ಹನಿ ಬೇಗ ಕಟ್ಟೀತು. ಚೊಂಬನ್ನು ಎತ್ತಿಕೊಂಡೂ ಬಿಟ್ಟ. ಬಿಸಿ ಗಾಜಿಗೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೈ ತಡೆಯದು.

ಹೆಂಡತಿ ಚೊಂಬು ಕಿತ್ತುಕೊಂಡಳು. ಅಂಗಿ ಹಿಡಿದು ಎಳೆದಳು.

"ಕೂತ್ಕೊಳ್ಳಿ."

ಕೂತ. ಕೈಯೆರಡನ್ನೂ ತೊಡೆಯಡಿ ಹಾಕಿಕೊಂಡ. ಅವಳೂ ಪಕ್ಕದಲ್ಲಿ ಗೋಡೆಗೊರಗಿ ಕೂತಳು. ಕತ್ತಲಾಗುತ್ತಾ ಬಂತು. ಹನಿ ಬೀಳುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ಅವಳು ಅವನ ಕಡೆ ನೋಡದೆ ಹೇಳಿದಳು:

"ಆವತ್ತು ನೀವು ಹೀಗೆ ಕೂತಿರ್ಬೇಕಿತ್ತು."

ಯಾವತ್ತು ಎಂದು ಅವನು ಕೇಳಲಿಲ್ಲ.

"ಡಾಕ್ಟರು ಹೊರಗೆ ಬಂದು, ಇವಳ ಕಡೆಯವರು ಯಾರಿದೀರಿ ಅಂತ ಕೂಗಿದ್ರು. ನನಗೆ ಒಳಗೆ ಕೇಳಿಸ್ತಿತ್ತು. ಮೂರು ಸಲ ಕೂಗಿದ್ರು. ಆಮೇಲೆ ಒಳಗೆ ಬಂದು ನನಗೇ ಹೇಳಿದ್ರು. ನಾನೊಬ್ಬಳೇ ಕೇಳಿಸ್ಕೊಂಡೆ."

"ನಾನು ಗೇಟಿನ ಹತ್ರ... ಆ ಬೆಂಚಿನ ಮೇಲೆ ಕೂರಕ್ಕೇ ಆಗ್ಲಿಲ್ಲ ಕಣೇ."

"ಗೊತ್ತು. ಅವತ್ತಿಂದ ನೀವು ಎಲ್ಲೂ ಕೂತೇ ಇಲ್ಲ."

ಅವನಿಗೆ ಅಳು ಬಂತು. ತಡೆಯಲು ನೋಡಿದ, ಆಗಲಿಲ್ಲ. ಒಂಬತ್ತು ವರ್ಷದಿಂದ ಹೇಳಬೇಕಿದ್ದದ್ದನ್ನು ಮೂಗು ಒರೆಸಿಕೊಳ್ಳುತ್ತಾ ಹೇಳಿದ: "ತಪ್ಪಾಯ್ತು." ಅವಳು ಅವನ ತೊಡೆಯಡಿಯಿಂದ ಒಂದು ಕೈ ಎಳೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅವನು ಅಲುಗಾಡಲಿಲ್ಲ.

ಎಂಟಕ್ಕೆ ಇಪ್ಪತ್ತು ನಿಮಿಷ ಇರುವಾಗ ನೀರು ಗೆರೆ ಮುಟ್ಟಿತು. ಅವನು ಏಳಹೋದ. ಅವಳು ಭುಜ ಒತ್ತಿ ಕೂರಿಸಿದಳು.

"ನಾನು ಒಯ್ತೀನಿ. ನೀವು ಓಡಿದ್ರೆ ಚೆಲ್ಲುತ್ತೆ."

ಬಾಟಲಿಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಹೋದಳು. ಅವನು ಕೊಳವೆಯಡಿ ಖಾಲಿ ಬಾಟಲಿ ಇಟ್ಟು ಮತ್ತೆ ಅಲ್ಲೇ ಕೂತ.

ಫೋನು ಬಂದಾಗ ಪೆಟ್ಟಿಗೆ ಪೂರ್ತಿ ಆರಿತ್ತು, ಹನಿಯೂ ನಿಂತಿತ್ತು.

"ಹೆಣ್ಣು ಮಗು ಕಣೋ," ಎಂದಳು ಅಕ್ಕ. "ಇಬ್ರೂ ಚೆನ್ನಾಗಿದಾರೆ."

"ಇವಳೆಲ್ಲಿ?"

"ಇಲ್ಲೇ ಇದಾಳೆ. ತಾಯಿಗೆ ಹೊಲಿಗೆ ಹಾಕೋವರೆಗೆ ಸ್ವಲ್ಪ ಹಿಡ್ಕೋಮ್ಮ ಅಂತ ಮಗುನ ಕೊಟ್ಟೆ. ಹೊಲಿಗೆ ಮುಗಿದು ಎಷ್ಟೋ ಹೊತ್ತಾಯ್ತು, ಮಗುನ ಕೆಳಗಿಡ್ತಾ ಇಲ್ಲ. ಹೆತ್ತವಳೂ ಇರ್ಲಿ ಬಿಡಿ ಅಂತಿದಾಳೆ." ಅಕ್ಕನ ದನಿ ಸಣ್ಣಗಾಯಿತು. "ಬರೋದು ತಡ ಆಗುತ್ತೋ ಏನೋ. ನೀನು ಊಟ ಮಾಡಿ ಮಲ್ಕೋ."

"ಅವಸರ ಇಲ್ಲ ಅಂತ ಹೇಳಕ್ಕ," ಎಂದ ಅವನು. "ನಾನು ಇಲ್ಲೇ ಕೂತಿದೀನಿ ಅಂತ ಹೇಳು."